ಕೋಲ್ವಿಟ್ಸ್, ಕೇಟೆ
1867-1945. ಜರ್ಮನಿಯ ಮುದ್ರಣಚಿತ್ರ ಕಲಾವಿದೆ, ಶಿಲ್ಪಿ. ಹುಟ್ಟಿದ್ದು ಕೋನಿಗ್ಸ್‌ಬರ್ಗ್‌ನಲ್ಲಿ (ಈಗ ರಷ್ಯದ ಕಲಿನಿನ್‌ಗ್ರಾಡ್). ಬರ್ಲಿನ್, ಮ್ಯೂನಿಕ್‌ಗಳಲ್ಲಿ ಕಲಿತು, 1891ರಲ್ಲಿ ವೈದ್ಯ ಕಾರ್ಲ್ ಕೋಲ್ವಿಟ್ಸ್‌ನನ್ನು ಮದುವೆಯಾಗಿ ಬರ್ಲಿನ್ನಿನ ಕಾರ್ಮಿಕರ ಬಡಾವಣೆಯಲ್ಲಿ ನೆಲೆಸಿದಳು. ಗಂಡನ ಬಳಿ ಚಿಕಿತ್ಸೆಗೆ ಬರುತ್ತಿದ್ದ ಬಡ ಹೆಂಗಸರನ್ನು ಹತ್ತಿರದಿಂದ ಕಂಡದ್ದು ಈಕೆಯ ಕಲೆಯಲ್ಲಿ ಕೊನೆಯವರೆಗೂ ಉಳಿಯಿತು.

ಜರ್ಮನ್ ನಾಟಕಕಾರ ಹೌಪ್ಟ್‌ಮನ್‌ನ ನಾಟಕದಿಂದ ಪ್ರೇರಿತವಾದ 'ನೇಕಾರರ ದಂಗೆ' ಮಾಲಿಕೆ 1898ರಲ್ಲಿ ಪ್ರದರ್ಶನಗೊಂಡಾಗ ಚಿನ್ನದ ಪದಕಕ್ಕೆ ಶಿಫಾರಸು ಬಂತು. ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಒಪ್ಪಲಿಲ್ಲ. 'ರೈತ ಯುದ್ಧ' (1902-08) ಇದಕ್ಕಿಂತ ಪ್ರೌಢವಾದ ಕೃತಿ.

ಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂ ರಣರಂಗದಲ್ಲಿ ಸತ್ತ. ಅವನು ಸೈನ್ಯ ಸೇರಲು ತಂದೆಯನ್ನು ಒಪ್ಪಿಸಿದವಳು ಈಕೆಯೇ. ಅವನ ಸ್ಮಾರಕ 'ಶೋಕತಪ್ತ ತಂದೆತಾಯಿ' ಮುಗಿದದ್ದು 1932ರಲ್ಲಿ. ಬೇರೆಬೇರೆ ಪೀಠಗಳ ಮೇಲೆ ಮಂಡಿಯೂರಿದ ಇಬ್ಬರು: ತಂದೆ ತೋಳುಗಳಿಂದ ತನ್ನನ್ನೇ ಬಿಗಿದುಕೊಂಡು ನೆಟ್ಟಗಿದ್ದಾನೆ, ತಾಯಿ ಬಾಗಿದ್ದಾಳೆ. ಸತ್ತ ಮಗನ ರೂಪ ಅಲ್ಲಿಲ್ಲ. ಕೃತಿಯ ಬಲವಿರುವುದೇ ಅದರಲ್ಲಿ. ಇದು ಈಗ ಬೆಲ್ಜಿಯಂನ ವ್ಲಾಡ್ಸ್‌ಲೋದ ಯುದ್ಧ ಸ್ಮಶಾನದಲ್ಲಿದೆ. 'ಯುದ್ಧ' ಮಾಲಿಕೆಯ ಏಳು ಮರಗೆತ್ತನೆ ಅಚ್ಚುಗಳಲ್ಲಿ ಕಾಳಗದ ದೃಶ್ಯ ಒಂದೂ ಇಲ್ಲ; ಇರುವವರು ಹೆಚ್ಚಾಗಿ ವಿಧವೆಯರು, ಮಕ್ಕಳನ್ನು ಕಾಯುವ ತಾಯಂದಿರು.

1919ರಲ್ಲಿ ಪ್ರಷ್ಯದ ಕಲಾ ಅಕಾಡೆಮಿ ಈಕೆಯನ್ನು ಸದಸ್ಯೆಯಾಗಿ ಆರಿಸಿತು. 1933ರಲ್ಲಿ ನಾತ್ಸಿ ಆಡಳಿತ ರಾಜೀನಾಮೆ ಕೊಡಿಸಿತು. 1942ರಲ್ಲಿ ಮೊಮ್ಮಗನೂ ಯುದ್ಧಕ್ಕೆ ಬಲಿಯಾದ. ಅವನ ಹೆಸರೂ ಪೀಟರ್. ಡ್ರೆಸ್ಡೆನ್ ಸಮೀಪದ ಮೋರಿಟ್ಸ್‌ಬುರ್ಗ್‌ನಲ್ಲಿ 1945ರ ಏಪ್ರಿಲ್ 22ರಂದು ನಿಧನಳಾದಳು.