ಕುಣಿತ, ಕೌದಿ ಮತ್ತ ಒಂದು ಹಳೇ ಮನಿ

ಹ್ವಾದ ವರ್ಷ ಸೂಟಿಯೊಳಗ ನಾನು ಇಂಗ್ಲೆಂಡಿಗೆ ಮಗಳ ಮನಿಗೆ ಹೋಗಿದ್ದು ನಿಮಗೆಲ್ಲಾ ಗೊತ್ತೇ ಅದ. ಒಂದಿನ ಅಳಿಯಂದ್ರು, "ಅತ್ತಿ, ಇವತ್ತ ಒಂದು ಹಳೇ ಮನಿ ನೋಡಲಿಕ್ಕೆ ಹೋಗೋಣ್ರಿ" ಅಂದ್ರು. ಅರಮನಿ ಇರಬೇಕು ಅಂತ ನಾ ಇಳಕಲ್ ಸೀರಿ ಉಟಗೊಂಡು ಹೊಂಟೆ. ಹೋಗಿ ನೋಡಿದ್ರ ಹ್ಯಾಂಪ್‌ಶೈರ್‌ದಾಗ ಚಾಟನ್ ಅಂತ ಸಣ್ಣ ಹಳ್ಳಿ, ರಸ್ತಾದ ಮಗ್ಗಲಕ್ಕ ಇಟ್ಟಂಗಿ ಮನಿ! ಕಾದಂಬರಿಕಾರ್ತಿ ಜೇನ್ ಆಸ್ಟಿನ್ 1809ರಿಂದ 1817ರ ತನಕ ಇದ್ದ ಮನಿ ಅದು. ಈಗ ವಸ್ತುಸಂಗ್ರಹಾಲಯ.

ಅವತ್ತ ಅಲ್ಲೆ ಮಕ್ಕಳಿಗೂ ಮನಿಮಂದಿಗೂ ಕೂಡಿ ಆ ಕಾಲದ ಕುಣಿತ, ಕೈಗೆಲಸ ಕಲಿಸೋದಿತ್ತು. ಮೊದಲ ಕುಣಿತ. ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು. ಮೊದಲನೇ ಜೋಡಿ ಕೈ ಹಿಡಕೊಂಡು ತಿರುಗಿ ಒಂದೊಂದ ಜಾಗ ಕೆಳಗ ಸರಕೋತ ಹೋಗೋದು, ಹಿಂದಿನವ್ರು ಮ್ಯಾಲೆ ಬರೋದು. ಕೋಲಾಟ ಆಡಿದವ್ರಿಗೆ ಏನೂ ಅವಘಡ ಇಲ್ಲ. ಆದ್ರ ಆಗಿನ ಪದ್ಧತಿ ಹೆಂಗಂದ್ರ, ಗಂಡಸು ಬಂದು ಕೇಳಬೇಕು. ಯಾರೂ ಕೇಳಲಿಲ್ಲಂದ್ರ ಹುಡುಗಿ ಸುಮ್ನ ಗ್ವಾಡಿಗೆ ಕೂಡಬೇಕು. "ಅಜ್ಜಿ, ಹುಡುಗೀನ ಯಾಕ ಕೇಳಬಾರದು?" ಅಂತ ನನ್ನ ಏಳು ವರ್ಷದ ಮೊಮ್ಮಗಳು ಕೇಳಿದಳು. ಏನ ಹೇಳ್ತೀರಿ?

ಜೇನ್‌ಗೆ ಕುಣಿತ ಭಾಳ ಸೇರತಿತ್ತಂತ. 1798ರ ಡಿಸೆಂಬರ್‌ದಾಗ ಒಂದ ರಾತ್ರಿ ಇಪ್ಪತ್ತಕ್ಕ ಇಪ್ಪತ್ತೂ ಕುಣಿತ ಕುಣದು, ದಣಿವೇ ಆಗಲಿಲ್ಲ ಅಂತ ಅಕ್ಕ ಕಸಾಂಡ್ರಾಗ ಪತ್ರ ಬರದಾಳ. ಆದ್ರ ಅದು ಬರೇ ಮೋಜಲ್ಲ. ಆ ಪಡಸಾಲಿಯೊಳಗನ ಹೆಣ್ಣಿನ ಮದುವಿ ಮಾತು ಹುಟ್ಟತಿತ್ತು. ಈ ಅಕ್ಕ-ತಂಗಿ ಇಬ್ಬರೂ ಮದುವಿ ಆಗಲಿಲ್ಲ. 1805ರಾಗ ಪಾದ್ರಿ ಆಗಿದ್ದ ಅಪ್ಪ ತೀರಿಕೊಂಡ ಮ್ಯಾಲೆ ಅವ್ವನ ಜೋಡಿ ಬಾಡಿಗಿ ಮನಿ, ಬಳಗದವರ ಮನಿ ಅಂತ ನಾಲ್ಕು ವರ್ಷ ತಿರುಗಿದ್ರು. ಶ್ರೀಮಂತ ಬಳಗಕ್ಕ ದತ್ತಕ ಹೋಗಿದ್ದ ಅಣ್ಣ ಎಡ್ವರ್ಡ್ ಕಡೀಗೆ ಈ ಮನಿ ಬಿಟ್ಟುಕೊಟ್ಟ.

ತಲಿ ಮ್ಯಾಲೆ ಸೂರು ಸಿಕ್ಕಿದ್ದ ತಡ, 1811ರಿಂದ 1815ರೊಳಗ ನಾಲ್ಕು ಕಾದಂಬರಿ ಬಂದವು. ಒಂದರ ಮ್ಯಾಲೂ ಆಕಿ ಹೆಸರಿಲ್ಲ! ಮುಂಜಾನೆ ನಾಷ್ಟಾ, ಚಹಾ ಜೇನ್ ಪಾಲಿಗಿತ್ತು. ಉಳಿದ ಅಡಗಿಮನಿ ಕಾರಭಾರ ಎಲ್ಲಾ ಕಸಾಂಡ್ರಾ, ಮತ್ತ ಅವರ ಜೋಡಿನ ಇದ್ದ ಗೆಳತಿ ಮಾರ್ಥಾ ಲಾಯ್ಡ್ ನೋಡಿಕೊಂಡ್ರು. ಮಾರ್ಥಾ ಕೈಲೆ ಬರದ ಅಡಗಿ ಪುಸ್ತಕ ಇನ್ನೂ ಅದ, ಅದರಾಗ ಹಿಂದುಸ್ತಾನದ ರೀತಿ ಕರಿ ಮಾಡೋದೂ ಅದ! ನನಗನಸ್ತು, ಆಕಿ ಬರದ ಪುಸ್ತಕದಾಗ ಈ ಇಬ್ಬರ ಒಲಿ ಮುಂದಿನ ಬೆವರೂ ಅದ.

ಮಾಡದ ಮ್ಯಾಲಿನ ಖೋಲ್ಯಾಗ ಆ ಅವ್ವ-ಮಕ್ಕಳು ಕೂಡಿ ಹೊಲದ ಚೂರಿನ ಹೊದಿಕಿ ಇಟ್ಟಾರ. ಹೂವಿನ ಬಟ್ಟಿ ಶಂಕರಪಾಳಿ ಆಕಾರ ಕತ್ತರಿಸಿ ಜೋಡಿಸ್ಯಾರ, ನಡುವ ಹೂವಿನ ಬುಟ್ಟಿ. 1811ರ ಪತ್ರದಾಗ ಜೇನ್, ಹೊದಿಕಿಗೆ ಚೂರು ಕೂಡಿಸೋದು ನೆನಪದನು ಅಂತ ಅಕ್ಕನ್ನ ಕೇಳ್ಯಾಳ. ಕೆಳಗ ಮಕ್ಕಳು ಕಾಗದದ ಮ್ಯಾಲೆ ಬಟ್ಟಿ ಮಡಚಿ ಅಂಚಿಗೆ ಅಂಚು ಹೊಲಿಯೋದು ಕಲೀಲಿಕ್ಕೆ ಹತ್ತಿದ್ರು. ಮೊಮ್ಮಗಳು ಸೂಜಿ ಪೋಣಿಸಿಕೋತ, "ಅಜ್ಜಿ, ನಮ್ಮನ್ಯಾಗೂ ಹಿಂಥಾದು ಅದ?" ಅಂದಳು.

ನನಗ ಎದಿ ಧಸಕ್ ಅಂತು. ಧಾರವಾಡದ ಹಳೇ ಮನಿ ಕೆಡವೋದಿತ್ತು. ಹೊಂಡೋ ಮುಂದ ನಾನ ನೆಗೆಣ್ಣಿಗೆ, "ಅಟ್ಟದ ಮ್ಯಾಲಿನ ಎರಡೂ ಕೌದಿ ಹಳೇ ಅರಬಿಗೆ ಭಾಂಡಿ ಕೊಡಾಕಿಗೆ ಹಾಕಿಬಿಡು" ಅಂದಿದ್ದೆ. ನಮ್ಮ ಅತ್ತಿಯವ್ರು ತಮ್ಮ ಹಳೇ ಸೀರಿ, ಮಾವನವ್ರ ಧೋತರ ಪದರಪದರ ಹಾಕಿ ಹೊಲದ ಕೌದಿ ಅವು. ನನ್ನ ಬಾಣಂತನದಾಗ ಕೂಸಿಗೆ ಹೊಚ್ಚಿದ್ದೂ ಅವನ್ನ. ಅಲ್ಲಿಂದನ ಫೋನ್ ಹಚ್ಚಿದೆ. ಒಂದು ಹೋಗೇ ಬಿಟ್ಟಿತ್ತು, ಬದಲಿಗೆ ಒಂದು ಸ್ಟೀಲ್ ಡಬ್ಬಿ ಬಂದಿತ್ತು.

1845ರಾಗ ಕಸಾಂಡ್ರಾ ತೀರಿಕೊಂಡ ಮ್ಯಾಲೆ ಆ ಮನೀನೂ ತುಂಡು ಮಾಡಿ ಕೂಲಿಯವ್ರಿಗೆ ಕೊಟ್ಟಿದ್ರಂತ. ಯುದ್ಧದಾಗ ಮಗನ್ನ ಕಳಕೊಂಡ ಒಬ್ಬ ತಂದಿ ಅವನ ನೆನಪಿಗೆ ಅದನ್ನ ಕೊಂಡ, 1949ರಾಗ ಎಲ್ಲಾರಿಗೂ ತೆರದ್ರು. ಹಂಗಾಗಿ ಉಳೀತು.

ಉಳಿದ ಒಂದು ಕೌದಿ ಈಗ ನನ್ನ ಹತ್ರ ಅದ. ಮೂಲಿಗೆ ಅತ್ತಿಯವ್ರ ಹೆಸರು ಕೆಂಪು ದಾರದಲೆ ಹೊಲದೀನಿ. ನಿಮ್ಮ ಟ್ರಂಕಿನಾಗೂ ಒಂದು ಇದ್ದೀತು, ತಗದು ಬಿಸಲಿಗೆ ಹಾಕ್ರಿ. ಯಾರು ಹೊಲದ್ರು, ಯಾರ ಸೀರಿ ಅಂತ ಗೊತ್ತಿದ್ದವ್ರು ಇರೋತನಕ ಕೇಳಿ ಬರದಿಡ್ರಿ.