ಪೂರ್ವಪಕ್ಷದ ಗೌರವ: ಮಧ್ಯಯುಗದ ಕ್ರೈಸ್ತ ತತ್ತ್ವಜ್ಞಾನ ಮತ್ತು ನಮ್ಮ ನಾಡು

ಕಳೆದ ಸೆಪ್ಟೆಂಬರಿನಲ್ಲಿ ನ್ಯಾಮತಿಯ ಕಡೆಯಿಂದ ದರ್ಶನಕ್ಕೆ ಬಂದಿದ್ದ ವೃದ್ಧ ಸದ್ಭಕ್ತರೊಬ್ಬರು ಮಾತಿನ ನಡುವೆ ತಾವು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೂ ಹೋಗಿ ಬಂದುದನ್ನು ಸ್ವಲ್ಪ ಸಂಕೋಚದಿಂದಲೇ ತಿಳಿಸಿದರು. ಮೊಮ್ಮಗಳ ಕಾಯಿಲೆಗೆ ಹರಕೆ ಹೊತ್ತಿದ್ದರಂತೆ. ಆ ಸಂಕೋಚಕ್ಕೆ ಕಾರಣವಿಲ್ಲವೆಂದು ನಾವು ಹೇಳಿದ ಮೇಲೆ ಅವರು ಕೇಳಿದ ಪ್ರಶ್ನೆ ಇದು: “ಬುದ್ಧೀ, ಅಲ್ಲಿ ಮೇಣದಬತ್ತಿ, ಪ್ರಾರ್ಥನೆ ಎಲ್ಲ ಕಂಡೆ. ನಮ್ಮಲ್ಲಿರುವ ಹಾಗೆ ಅವರಲ್ಲಿಯೂ ಶಾಸ್ತ್ರ, ವಾದ, ಸಿದ್ಧಾಂತ ಅನ್ನುವುದು ಉಂಟೋ?”

ಉಂಟು. ಕಾಶಿಯಲ್ಲಿ ತರ್ಕಸಂಗ್ರಹವನ್ನು ಓದಿ ಬಂದು ಆಮೇಲೆ ವಿಶ್ವವಿದ್ಯಾನಿಲಯದಲ್ಲಿ ಪಾಶ್ಚಾತ್ಯ ದರ್ಶನಗಳ ಪರೀಕ್ಷೆಗೆ ಕುಳಿತ ನಮಗೆ ಇದು ಮೊದಲು ಅಚ್ಚರಿಯ ವಿಷಯವಾಗಿತ್ತು. ಗ್ರೀಕರಿಂದ ನೇರವಾಗಿ ಡೆಕಾರ್ಟನಿಗೆ ನೆಗೆಯುವ ಪಠ್ಯಕ್ರಮದಲ್ಲಿ ನಡುವಿನ ಸಾವಿರ ವರ್ಷಗಳಿಗೆ ಎರಡು ಪುಟ ಮಾತ್ರ ಮೀಸಲಾಗಿತ್ತು. ಆ ಎರಡು ಪುಟಗಳಲ್ಲಿಯೇ ಥಾಮಸ್ ಅಕ್ವಿನಾಸನ ಹೆಸರು ಕಣ್ಣಿಗೆ ಬಿದ್ದಿತು.

ಈತನು ಇಟಲಿಯ ನೇಪಲ್ಸಿನ ಸಮೀಪದ ಸಿರಿವಂತ ಮನೆತನದಲ್ಲಿ ಸುಮಾರು 1225ರಲ್ಲಿ ಹುಟ್ಟಿದವನು. ಬಸವಾದಿ ಶರಣರು ಕಲ್ಯಾಣದಲ್ಲಿದ್ದ ಕಾಲಕ್ಕೂ ಈತನ ಕಾಲಕ್ಕೂ ಹೆಚ್ಚು ಕಡಿಮೆ ನೂರು ವರ್ಷಗಳ ಅಂತರ. ಭಿಕ್ಷಾನ್ನದಲ್ಲಿ ಬದುಕುವ ಡೊಮಿನಿಕನ್ ಸಂನ್ಯಾಸಿಗಳ ಸಂಘವನ್ನು ಮಗನು ಸೇರಿದನೆಂದು ತಿಳಿದಾಗ ಮನೆಯವರು ಅವನನ್ನು ಹಿಡಿತಂದು ಸುಮಾರು ಒಂದು ವರ್ಷ ತಮ್ಮ ಕೋಟೆಯಲ್ಲಿಯೇ ಕೂಡಿಹಾಕಿದರು. ಮಗನು ದೊಡ್ಡ ಮಠದ ಅಧಿಪತಿಯಾಗುವುದಕ್ಕೆ ಅವರ ಅಭ್ಯಂತರವಿರಲಿಲ್ಲ, ಜೋಳಿಗೆ ಹಿಡಿಯುವುದಕ್ಕೆ ಮಾತ್ರ ಇತ್ತು. ವಿರಕ್ತರ ಪೂರ್ವಾಶ್ರಮದ ಕಥೆಗಳನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವನ ಮಹಾಗ್ರಂಥವಾದ ‘ಸುಮ್ಮಾ ಥಿಯೊಲೊಜಿಯೆ’ಯ ರಚನಾಕ್ರಮವು ಗಮನಾರ್ಹವಾದುದು. ಪ್ರತಿಯೊಂದು ಪ್ರಕರಣವೂ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ಒಡನೆಯೇ ಬರುವುದು ಎದುರಾಳಿಯ ವಾದ. ಅನಂತರ ಅದಕ್ಕೆ ವಿರುದ್ಧವಾದ ಒಂದು ಪ್ರಮಾಣವಾಕ್ಯ. ಅನಂತರ ತನ್ನ ಸಿದ್ಧಾಂತ. ಕಡೆಗೆ ಎದುರಾಳಿಯ ಒಂದೊಂದು ಆಕ್ಷೇಪಕ್ಕೂ ಬೇರೆ ಬೇರೆ ಸಮಾಧಾನ. ನಮ್ಮ ಭಾಷ್ಯಕಾರರ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತವೆಂಬ ಕ್ರಮಕ್ಕೆ ಇದು ಎಷ್ಟು ಹತ್ತಿರ! ಶ್ರೀಪತಿ ಪಂಡಿತರ ಶ್ರೀಕರಭಾಷ್ಯವನ್ನು ಗುರುಮುಖದಿಂದ ಓದಿದವನು ಈ ಗ್ರಂಥದಲ್ಲಿ ದಾರಿತಪ್ಪಲಾರನು. ಒಬ್ಬರನ್ನೊಬ್ಬರು ಕಂಡು ಕೇಳದ ಎರಡು ದೇಶಗಳಲ್ಲಿ ಒಂದೇ ಶಿಸ್ತು ಬೆಳೆದುದನ್ನು ಪ್ರಭಾವವೆಂದು ಕರೆಯುವ ಚಪಲ ನಮಗಿಲ್ಲ. ಸತ್ಯವನ್ನು ಸಭೆಯ ಮುಂದೆ ನಿಲ್ಲಿಸಬೇಕಾದವರು ಎಲ್ಲಿದ್ದರೂ ಈ ದಾರಿಗೇ ಬರಬೇಕಾಗುತ್ತದೆಂದು ತೋರುತ್ತದೆ.

‘ದೇವರು ಇರುವನೆ?’ ಎಂಬ ಪ್ರಶ್ನೆಗೆ ಆತನು ಕೊಟ್ಟ ಐದು ಯುಕ್ತಿಗಳು ಪ್ರಸಿದ್ಧವಾಗಿವೆ. ನಮಗೆ ಅವುಗಳಿಗಿಂತ ಅವುಗಳ ಹಿಂದೆ ಇಟ್ಟಿರುವ ಎರಡು ಪೂರ್ವಪಕ್ಷಗಳೇ ದೊಡ್ಡವಾಗಿ ಕಾಣುತ್ತವೆ. ಅನಂತವಾದ ಒಳಿತೇ ದೇವರೆಂಬುದಾದರೆ ಲೋಕದಲ್ಲಿ ಕೆಡುಕಿಗೆ ಎಡೆಯೇ ಇರಬಾರದಾಗಿತ್ತು, ಆದರೆ ಕೆಡುಕು ಕಾಣುತ್ತಿದೆ ಎಂಬುದು ಒಂದು. ಲೋಕದಲ್ಲಿ ಕಾಣುವುದನ್ನೆಲ್ಲ ಪ್ರಕೃತಿಯಿಂದಲೂ ಮನುಷ್ಯನ ಬುದ್ಧಿ ಸಂಕಲ್ಪಗಳಿಂದಲೂ ವಿವರಿಸಬಹುದಾದ್ದರಿಂದ ದೇವರೆಂಬ ಹೆಚ್ಚಿನ ಕಲ್ಪನೆ ಬೇಡ ಎಂಬುದು ಇನ್ನೊಂದು. ಇಂದಿನ ನಿರೀಶ್ವರವಾದಿಯು ಇದಕ್ಕಿಂತ ಬಲವಾದುದನ್ನು ಹೇಳಿದ್ದಾನೆಯೆ? ಏಳುನೂರೈವತ್ತು ವರ್ಷಗಳ ಹಿಂದೆ ಒಬ್ಬ ಸಂನ್ಯಾಸಿಯು ತನ್ನ ಎದುರಾಳಿಯ ಪರವಾಗಿ, ವ್ಯಂಗ್ಯವಿಲ್ಲದೆ, ಇದನ್ನು ಬರೆದಿಟ್ಟನು. ಅರಿಸ್ಟಾಟಲನನ್ನು ಅವನು ಕರೆಯುವುದು ‘ದಾರ್ಶನಿಕ’ನೆಂದು, ಮುಸಲ್ಮಾನನಾದ ಕಾರ್ಡೋವಾದ ಇಬ್ನ್ ರುಶ್ದನನ್ನು ಕರೆಯುವುದು ‘ವ್ಯಾಖ್ಯಾನಕಾರ’ನೆಂದು. ಮತಾಂತರದವರ ಗ್ರಂಥವನ್ನು ಖಂಡಿಸುವಾಗಲೂ ಅದರಿಂದ ಕಲಿಯುವುದನ್ನು ಬಿಡಲಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅದು ಇತಿಹಾಸವಾಗದೆ ಸ್ತೋತ್ರವಾದೀತು. ಇದೇ ಥಾಮಸನು ಅದೇ ಗ್ರಂಥದಲ್ಲಿ, ತಿಳಿಯಹೇಳಿದರೂ ಹಟ ಬಿಡದ ಧರ್ಮಭ್ರಷ್ಟರನ್ನು ಲೌಕಿಕ ಅಧಿಕಾರಕ್ಕೆ ಒಪ್ಪಿಸಿ ಮರಣದಂಡನೆಗೆ ಗುರಿಮಾಡುವುದು ನ್ಯಾಯವೆಂದಿದ್ದಾನೆ. ಖೋಟಾ ನಾಣ್ಯ ಮಾಡುವವನಿಗೆ ಅರಸನು ಪ್ರಾಣದಂಡನೆ ವಿಧಿಸುವನಾದರೆ ನಂಬಿಕೆಯನ್ನೇ ಕೆಡಿಸುವವನಿಗೆ ಇನ್ನೇನು ಎಂಬುದು ಅವನ ತರ್ಕ. ಹೊರಗಿನವನ ಪೂರ್ವಪಕ್ಷಕ್ಕೆ ಅಷ್ಟು ಗೌರವ, ಒಳಗಿನವನ ಭಿನ್ನಮತಕ್ಕೆ ಬೆಂಕಿ! ಇದನ್ನು ಕಾಲಧರ್ಮವೆಂದು ಮನ್ನಿಸಿಬಿಡಲು ನಮ್ಮ ಮನಸ್ಸು ಒಪ್ಪದು.

ಇನ್ನೊಂದು ಕಡೆ ನೋಡಿದರೆ, ಕ್ರೈಸ್ತಧರ್ಮವನ್ನು ಎಂದೂ ಸ್ವೀಕರಿಸದ ಅನ್ಯಮತೀಯರನ್ನು ಬಲಾತ್ಕಾರದಿಂದ ಮತಕ್ಕೆ ಸೇರಿಸಕೂಡದು, ಏಕೆಂದರೆ ನಂಬುವುದು ಇಚ್ಛೆಗೆ ಸೇರಿದ್ದು ಎಂದು ಸ್ಪಷ್ಟವಾಗಿ ಹೇಳಿದವನೂ ಅವನೇ. ತಂದೆತಾಯಿಗಳ ಇಚ್ಛೆಗೆ ವಿರುದ್ಧವಾಗಿ ಯೆಹೂದ್ಯಾದಿ ಅನ್ಯಮತೀಯರ ಶಿಶುಗಳಿಗೆ ಜ್ಞಾನಸ್ನಾನ ಮಾಡಿಸುವುದು ಸ್ವಾಭಾವಿಕ ನ್ಯಾಯಕ್ಕೆ ವಿರುದ್ಧವೆಂದೂ ನಿರ್ಣಯಿಸಿದನು. ಈ ಎರಡು ಮಾತುಗಳು ನಮ್ಮ ನಾಡಿನ ಇತಿಹಾಸಕ್ಕೆ ನೇರವಾಗಿ ಸಂಬಂಧಪಟ್ಟಿವೆ.

ಗೋವೆಯಲ್ಲಿ ಪೋರ್ಚುಗೀಸ್ ದೊರೆಯ 1559ರ ಆಜ್ಞೆಯಂತೆ ಅನಾಥರಾದ ಹಿಂದೂ ಮಕ್ಕಳನ್ನು ಬಂಧುಗಳಿಂದ ಬಿಡಿಸಿ ಪಾದ್ರಿಗಳ ವಶಕ್ಕೆ ಒಪ್ಪಿಸಿ ಕ್ರೈಸ್ತರನ್ನಾಗಿ ಮಾಡುವ ಏರ್ಪಾಡಾಯಿತು. ಮರುವರ್ಷ, 1560ರಲ್ಲಿ, ಧರ್ಮವಿಚಾರಣೆಯ ನ್ಯಾಯಾಲಯವು ಅಲ್ಲಿ ಸ್ಥಾಪಿತವಾಗಿ, ನಡುವೆ ಕೆಲವು ವರ್ಷ ಬಿಟ್ಟು, 1812ರವರೆಗೆ ನಡೆಯಿತು. ಥಾಮಸನು ಹೇಳಿದ್ದು ತಂದೆತಾಯಿಗಳಿರುವ ಮಕ್ಕಳ ವಿಷಯ, ಅನಾಥರದಲ್ಲ ಎಂದು ಅಂದಿನ ಅಧಿಕಾರಿಗಳು ವಾದಿಸಬಹುದಾಗಿತ್ತು. ಆದರೆ ಸಾಕುವ ಚಿಕ್ಕಪ್ಪ ಸೋದರಮಾವಂದಿರ ಮಡಿಲಿನಿಂದ ಮಗುವನ್ನು ಕಿತ್ತುಕೊಳ್ಳುವಾಗ ಅಕ್ಷರ ಉಳಿಯಿತೆಂದರೂ ಅದರ ನ್ಯಾಯ ಉಳಿಯುವುದಿಲ್ಲ. ಭಿನ್ನಮತದವರ ದಂಡನೆಯ ಪ್ರಕರಣವನ್ನು ಅನುಸರಿಸಿದಷ್ಟು ಶ್ರದ್ಧೆಯಿಂದ ಸ್ವಾತಂತ್ರ್ಯದ ಪ್ರಕರಣವನ್ನು ಆ ಆಡಳಿತವು ಅನುಸರಿಸಲಿಲ್ಲ.

ಗೋವೆಯ ಕ್ರೈಸ್ತರೇ ಅನೇಕರು ಬರಗಾಲ, ಯುದ್ಧ, ಕರಭಾರ, ವಿಚಾರಣೆಗಳ ದೆಸೆಯಿಂದ ತೆಂಕಣಕ್ಕೆ ವಲಸೆ ಬಂದರು. ಅವರು ಬಂದು ನೆಲಸಿದ ಕರಾವಳಿ ಆಗ ಯಾರದು? ವೀರಶೈವರಾದ ಕೆಳದಿಯ ಅರಸರದು. ನಮ್ಮ ಚನ್ನಗಿರಿಗೆ ಹೆಸರು ಬಂದುದು ಯಾವ ರಾಣಿಯಿಂದ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆಯೋ ಆ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿಯೇ, 1678ರಲ್ಲಿ, ಪೋರ್ಚುಗೀಸರೊಡನೆ ಒಂದು ಒಪ್ಪಂದವಾಗಿ ಮಿರ್ಜಾನ, ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮೊದಲಾದೆಡೆಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅನುಮತಿ ದೊರೆಯಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕಥೆ ಎಲ್ಲರಿಗೂ ಗೊತ್ತು. ಈ ಒಪ್ಪಂದದ ಕಥೆ ಗೊತ್ತಿರುವವರು ವಿರಳ. ಇದರಲ್ಲಿ ವ್ಯಾಪಾರದ ಲೆಕ್ಕಾಚಾರವಿತ್ತು ನಿಜ. ಅಕ್ಕಿ ಮೆಣಸುಗಳ ವ್ಯವಹಾರವನ್ನು ಮರೆತು ಅರಸುತನ ಮಾಡಲಾಗದು. ಆದರೆ ಲೆಕ್ಕ ಹಾಕುವ ಅರಸರೆಲ್ಲರೂ ಪರರ ಗುಡಿಗೆ ಜಾಗ ಕೊಟ್ಟಿಲ್ಲವೆಂಬುದನ್ನೂ ನೆನೆಯಬೇಕು. ಆ ಒಪ್ಪಂದವಾದ ಮೂರು ವರ್ಷಗಳಿಗೆ, 1681ರಲ್ಲಿ, ಕೆನರಾಕ್ಕೆ ಬಂದು 1684ರವರೆಗೆ ಕ್ರೈಸ್ತಸಮುದಾಯವನ್ನು ಸಂಘಟಿಸಿದ ಗೋವೆಯ ಜೋಸೆಫ್ ವಾಜರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು. ರಾಣಿಯ ದತ್ತುಪುತ್ರನಾದ ಬಸವಪ್ಪ ನಾಯಕನು ಮುಂದೆ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವನ್ನು ಸಂಸ್ಕೃತದಲ್ಲಿ ರಚಿಸಿದನು. ವಿದ್ಯೆಯನ್ನೆಲ್ಲ ಒಂದೇ ಮಾಡಿನ ಕೆಳಗೆ ತರುವ ಆ ಹಂಬಲವೂ ‘ಸುಮ್ಮಾ’ದ ಜಾತಿಯದೇ.

ಥಾಮಸನ ಗ್ರಂಥಗಳಿಗೆ ಆದ ಗತಿಯೂ ತಿಳಿಯತಕ್ಕುದು. ಅವನು ತೀರಿಕೊಂಡ ಮೂರು ವರ್ಷಕ್ಕೆ ಸರಿಯಾಗಿ, 1277ರ ಮಾರ್ಚ್ 7ರಂದು, ಪ್ಯಾರಿಸಿನ ಬಿಷಪ್ಪನು 219 ವಾಕ್ಯಗಳನ್ನು ಖಂಡಿಸಿದಾಗ ಥಾಮಸನ ಕೆಲವು ಮತಗಳೂ ಆ ಬಲೆಗೆ ಬಿದ್ದವು. 1323ರಲ್ಲಿ ಅವನನ್ನು ಸಂತನೆಂದು ಸಾರಿದ ಮೇಲೆ, 1325ರಲ್ಲಿ, ಅವನಿಗೆ ಸಂಬಂಧಿಸಿದಷ್ಟು ಮಟ್ಟಿಗೆ ಆ ಖಂಡನೆಯನ್ನು ಹಿಂದೆಗೆದುಕೊಂಡರು. 1879ರಲ್ಲಿ ಹದಿಮೂರನೆಯ ಲಿಯೋ ಪೋಪರು ಥಾಮಸನ ದರ್ಶನವನ್ನು ಕ್ರೈಸ್ತ ವಿದ್ಯಾಲಯಗಳಲ್ಲಿ ಪುನಃ ನೆಲೆಗೊಳಿಸಬೇಕೆಂದು ಪತ್ರ ಹೊರಡಿಸಿದರು. ಅದೇ ವರ್ಷ ಮಂಗಳೂರಿನಲ್ಲಿ ಇಟಲಿಯ ಜೆಸುಯಿಟ್ ಪಾದ್ರಿಗಳು ಸಂತ ಜೋಸೆಫರ ಗುರುಮಠವನ್ನು ಆರಂಭಿಸಿದರು. ಇಂದು ಜೆಪ್ಪುವಿನಲ್ಲಿರುವುದು ಅದೇ.

ಜಗಳೂರಿನಲ್ಲಿ ಅಧ್ಯಾಪಕರಾಗಿ ನಿವೃತ್ತರಾದ ನಮ್ಮ ಮಠದ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು, “ಮಳೆಯಿಲ್ಲದ ಸೀಮೆಯಲ್ಲಿ ಕುಳಿತು ಆ ಪುರಾತನ ತರ್ಕದಿಂದ ಮಾಡುವುದೇನು?” ಎಂದರು. ಆಕ್ಷೇಪ ನ್ಯಾಯವಾದುದೇ. ಆದರೆ ನಮ್ಮ ಸಮಾಜದೊಳಗೇ ವೀರಶೈವ, ಲಿಂಗಾಯತವೆಂಬ ಹೆಸರುಗಳ ಬಗೆಗೆ ಈಚಿನ ವರ್ಷಗಳಲ್ಲಿ ನಡೆದ ಚರ್ಚೆಯನ್ನು ಅವರೂ ಕೇಳಿದ್ದಾರೆ. ಎದುರುಪಕ್ಷದವರು ಹೌದು, ಇದೇ ನಮ್ಮ ಮಾತು ಎಂದು ತಲೆದೂಗುವಂತೆ ಅವರ ವಾದವನ್ನು ಮೊದಲು ಹೇಳಿ ಆಮೇಲೆ ಉತ್ತರಿಸಿದವರು ಎರಡು ಕಡೆಯಲ್ಲಿಯೂ ಎಷ್ಟು ಮಂದಿ? ನಾವೂ ಆ ತಪ್ಪಿನಿಂದ ಹೊರಗಿಲ್ಲ. ಒಂದು ಭಾಷಣದಲ್ಲಿ ಎದುರಾಳಿಗಳ ಬಾಯಲ್ಲಿ ಅವರು ಆಡದ ಮಾತನ್ನು ಇಟ್ಟು ಚಪ್ಪಾಳೆ ಗಿಟ್ಟಿಸಿದ್ದುಂಟು.

1273ರ ಡಿಸೆಂಬರ್ 6ರಂದು ಪೂಜೆಯ ವೇಳೆ ಯಾವುದೋ ಅನುಭವವಾಗಿ ಥಾಮಸನು ಲೇಖನಿಯನ್ನು ಕೆಳಗಿಟ್ಟನು. ತಾನು ಬರೆದುದೆಲ್ಲ ಹುಲ್ಲಿನಂತೆ ಕಾಣುತ್ತಿದೆಯೆಂದು ಶಿಷ್ಯನಿಗೆ ಹೇಳಿದನಂತೆ. ಗ್ರಂಥ ಅಪೂರ್ಣವಾಗಿಯೇ ಉಳಿಯಿತು. ಅನುಭಾವವನ್ನು ಶಾಸ್ತ್ರಕ್ಕಿಂತ ಮೇಲಿಟ್ಟ ಪರಂಪರೆಯ ನಮಗೆ ಇದು ಹೊಸದಲ್ಲ. ಆದರೂ ಅಷ್ಟು ಬರೆದ ಮೇಲೆ ಹಾಗೆನ್ನುವುದಕ್ಕೂ ಏನೂ ಓದದೆ ಹಾಗೆನ್ನುವುದಕ್ಕೂ ಅಂತರವಿದೆ.

ಹೊನ್ನಾಳಿಯಲ್ಲಿ ಸೇರಲಿರುವ ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಮೇಲೆ ಹೇಳಿದ ಎರಡು ಪೂರ್ವಪಕ್ಷಗಳನ್ನೇ ಚರ್ಚೆಗೆ ಎತ್ತಿಕೊಳ್ಳುವುದೆಂದು ನಿಶ್ಚಯವಾಗಿದೆ. ನಿರೀಶ್ವರವಾದದ ಪರವಾಗಿ ಮಾತನಾಡಲು ಜಗಳೂರಿನ ಆ ಅಧ್ಯಾಪಕರೇ ಒಪ್ಪಿಕೊಂಡಿದ್ದಾರೆ.