ದಳಪತಿಯಿಂದ ಕುಲಪತಿಗೆ: ಮೂರು ನೇಮಕಾತಿಗಳ ಕುರಿತು ಒಂದು ಟಿಪ್ಪಣಿ

ವಿಶ್ವವಿದ್ಯಾಲಯದ ಆಡಳಿತ ಹದಗೆಟ್ಟ ಸುದ್ದಿ ಬಂದಾಗಲೆಲ್ಲ 'ಮಿಲಿಟರಿಯವರನ್ನ ತಂದು ಕೂಡಸ್ರಿ' ಅನ್ನುವ ಮಾತು ನಮ್ಮೂರು ತಂಬೂರದ ಕಟ್ಟೆಯ ಮೇಲೂ ಕೇಳುತ್ತದೆ. ಧಾರವಾಡ ಸೀಮೆಗೆ ಗಟ್ಟಿ ಕುಲಪತಿ ಎಂದರೆ ಡಿ.ಸಿ. ಪಾವಟೆ. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ನಿಲ್ಲಿಸಿದ ಅವರು ಸೈನಿಕರಲ್ಲ. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಪಳಗಿದವರು. ಹಾಗಾದರೆ ಸೇನೆಯಿಂದಲೇ ಬಂದವರ ಕಥೆ ಏನು?

ಲೆಫ್ಟಿನೆಂಟ್ ಜನರಲ್ ಎಂ.ಎ. ಝಕಿ ಮರಾಠಾ ಲಘು ಪದಾತಿ ದಳದವರು. ಧಾರವಾಡ ಜಿಲ್ಲೆಗೆ ಈ ದಳ ಪರಕೀಯವಲ್ಲ, ಅದರ ಕೇಂದ್ರ ಇರುವುದು ಪಕ್ಕದ ಬೆಳಗಾವಿಯಲ್ಲೇ. 1965ರ ಯುದ್ಧದಲ್ಲಿ ವೀರಚಕ್ರ ಪಡೆದು, ಕಾಶ್ಮೀರ ಹೊತ್ತಿ ಉರಿಯುತ್ತಿದ್ದ 1990ರ ಸುಮಾರಿಗೆ ಶ್ರೀನಗರದ 15ನೇ ಕೋರ್ ನಡೆಸಿದ ಅವರು, 1997ರಿಂದ 2000ದವರೆಗೆ ದೆಹಲಿಯ ಜಾಮಿಯಾ ಮಿಲ್ಲಿಯಾದ ಕುಲಪತಿಯಾಗಿದ್ದರು.

ಎರಡನೆಯವರು ಲೆಫ್ಟಿನೆಂಟ್ ಜನರಲ್ ಜಮೀರುದ್ದೀನ್ ಶಾ, ನಟ ನಾಸಿರುದ್ದೀನ್ ಶಾ ಅವರ ಅಣ್ಣ. 2002ರಲ್ಲಿ ಗುಜರಾತದ ಗಲಭೆ ಹತ್ತಿಕ್ಕಲು ಹೋದ ಸೇನೆಯ ಮುಂದಾಳು; ಮುಂದೆ ಸೇನೆಯ ಉಪಮುಖ್ಯಸ್ಥರಲ್ಲಿ ಒಬ್ಬರಾಗಿ ನಿವೃತ್ತರಾದರು. 2012ರ ಮೇ ತಿಂಗಳಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಬಂದಾಗ ಸಹಕುಲಪತಿಯನ್ನಾಗಿ ಒಬ್ಬ ಬ್ರಿಗೇಡಿಯರ್‌ರನ್ನೇ ಆರಿಸಿಕೊಂಡರು. 2014ರಲ್ಲಿ ಮೌಲಾನಾ ಆಜಾದ್ ಗ್ರಂಥಾಲಯಕ್ಕೆ ಪದವಿ ವಿದ್ಯಾರ್ಥಿನಿಯರಿಗೆ ಪ್ರವೇಶ ಕೊಡದಿರುವುದನ್ನು ಸಮರ್ಥಿಸಿ ಆಡಿದ ಮಾತು ದೇಶವಿಡೀ ಟೀಕೆಗೆ ಗುರಿಯಾಯಿತು. ಹುಕುಂ ಕೊಟ್ಟರೆ ಪಲಟನ್ ನಡೆದೀತು, ಕ್ಯಾಂಪಸ್ ಕಾರಣ ಕೇಳುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಾವಳಿ ಕುಲಪತಿಗೆ ಹತ್ತು ವರ್ಷದ ಪ್ರಾಧ್ಯಾಪಕ ವೃತ್ತಿ ಅಥವಾ ಅದಕ್ಕೆ ಸಮಾನವಾದ ಶೈಕ್ಷಣಿಕ ಹುದ್ದೆಯ ಅನುಭವ ಬೇಕೆನ್ನುತ್ತಿತ್ತು. ಶಾ ಅವರ ನೇಮಕಾತಿ ಆ ಅನುಭವ ಇಲ್ಲವೆಂಬ ಕಾರಣಕ್ಕೆ 2016ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಯಿತು. ಆದರೂ ಅವರು 2017ರವರೆಗೆ ಪೂರ್ಣ ಅವಧಿ ಮುಗಿಸಿದರು.

ಮೂರನೆಯದು ನಮ್ಮ ರಾಜ್ಯದ್ದು. 2020ರಲ್ಲಿ ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿಗೆ (ಮಾಹೆ) ಕುಲಪತಿಯಾದ ಲೆಫ್ಟಿನೆಂಟ್ ಜನರಲ್ ಡಾ. ಎಂ.ಡಿ. ವೆಂಕಟೇಶ್ ಅದಕ್ಕೂ ಮುಂಚೆ ಸಿಕ್ಕಿಂ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಕಿವಿ, ಮೂಗು, ಗಂಟಲು ತಜ್ಞರು. ಮೊದಲಿಬ್ಬರಿಗೂ ಇವರಿಗೂ ಇರುವ ಈ ವ್ಯತ್ಯಾಸ ಗಮನಿಸಬೇಕಾದ್ದು. ಸೇನಾ ವೈದ್ಯರು ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಂಥ ಕಡೆ ಪಾಠ ಹೇಳುತ್ತಾರೆ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಾರೆ. ಸಮವಸ್ತ್ರದಲ್ಲಿದ್ದೂ ಅಧ್ಯಾಪಕ ವೃತ್ತಿಯ ಒಳಗೇ ಇರುವವರು. ಕಾಲಾಳು, ಫಿರಂಗಿ ದಳಗಳ ಜನರಲ್‌ಗೆ ಆ ದಾರಿ ಇಲ್ಲ.

2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು, ಉದ್ಯಮ ಮತ್ತು ಸಾರ್ವಜನಿಕ ಆಡಳಿತದ ಹಿರಿಯರಿಗೂ ಕುಲಪತಿ ಹುದ್ದೆಯ ಬಾಗಿಲು ತೆರೆಯಲು ಹೊರಟಿತು. ಮರುತಿಂಗಳೇ ಕರ್ನಾಟಕ ಸರ್ಕಾರ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರನ್ನು ಕೂಡಿಸಿ ಅದನ್ನು ವಿರೋಧಿಸಿತು. ವಿರೋಧದ ಮುಖ್ಯ ಕಾರಣ ರಾಜ್ಯದ ಅಧಿಕಾರ ಮೊಟಕಾಗುತ್ತದೆ ಎಂಬುದು, ಅದು ಸರಿಯಾದದ್ದೇ. ನನ್ನ ಆಕ್ಷೇಪ ಬೇರೆ: ಪಾಠದ ಕೋಣೆಯನ್ನೇ ಕಾಣದವರಿಗೆ, ಅವರು ಎಷ್ಟೇ ನಕ್ಷತ್ರ ಧರಿಸಿರಲಿ, ಕುಲಪತಿಗಿಂತ ಕುಲಸಚಿವರ ಹುದ್ದೆಯೇ ಹೆಚ್ಚು ಒಪ್ಪುತ್ತದೆ.